ತೂಕದ ಕಲ್ಲು ತಪ್ಪಿದಾಗ: ನೀರೊಳಗಿನ ಗಾಳಿ ಅಳೆದವರ ಕಥೆ

ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಏಳನೇ ಇಯತ್ತೆಯ ಹುಡುಗಿಯೊಬ್ಬಳು ಓಡಿ ಬಂದಳು. "ಸರ್, ಮೀನಾ ಎಲ್ಲಾ ಮ್ಯಾಲ ಬಂದು ಬಾಯಿ ತಗೀಲಿಕ್ಕತ್ತಾವ್ರೀ!"

ನಮ್ಮ ವಿಜ್ಞಾನದ ಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ ಇದೆ. 60 ಲೀಟರ್ ನೀರು ಹಿಡಿಯುತ್ತದೆ. ಊರ ಕೆರೆಯಿಂದ ತಂದು ನೆಟ್ಟ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಗಿಡಗಳು, 11 ಗಪ್ಪಿ ಮೀನು. ಹೋಗಿ ನೋಡಿದರೆ 4 ಆಗಲೇ ಸತ್ತಿದ್ದವು. ಉಳಿದವು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಒದ್ದಾಡುತ್ತಿದ್ದವು. ತೊಟ್ಟಿಯ ಮುಚ್ಚಳ ತೆಗೆದು, ಕೊಳವೆ ಕಿತ್ತು, ಅರ್ಧ ನೀರು ಚೆಲ್ಲಿ ಬಾವಿಯ ನೀರು ತುಂಬಿದೆವು. ಏಳು ಉಳಿದವು.

ಕೊಳವೆ ಎಂದೆನಲ್ಲ, ಅದು ನಾನೇ ಹಾಕಿದ್ದು. ನೀರೊಳಗಿನ ಗಿಡ ಚೆನ್ನಾಗಿ ಬೆಳೆಯಬೇಕಾದರೆ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಬೇಕು. ಅದಕ್ಕೆ ಒಂದು ಬಾಟಲಿಯಲ್ಲಿ ಸಕ್ಕರೆ ನೀರು, ಬೇಕರಿಯ ಯೀಸ್ಟ್ ಹಾಕಿ, ಹುದುಗಿ ಬರುವ ಅನಿಲವನ್ನು ಕೊಳವೆಯಿಂದ ತೊಟ್ಟಿಗೆ ಬಿಟ್ಟಿದ್ದೆ. ಎಷ್ಟು ಅನಿಲ ಸೇರಿದೆ ಎಂದು ತಿಳಿಯಲು ತೊಟ್ಟಿಯೊಳಗೆ ಒಂದು ಪುಟ್ಟ ಗಾಜಿನ ಬುರುಡೆ ಇಟ್ಟಿದ್ದೆ. ಅದಕ್ಕೆ ಡ್ರಾಪ್ ಚೆಕ್ಕರ್ ಎನ್ನುತ್ತಾರೆ. ಅದರೊಳಗಿನ ಹನಿ ನೀರು ನೀಲಿ ಇದ್ದರೆ ಅನಿಲ ಕಡಿಮೆ, ಹಸಿರಾದರೆ ಸರಿ, ಹಳದಿಯಾದರೆ ಹೆಚ್ಚು. ವಾರವಿಡೀ ಅದು ನೀಲಿಯಾಗಿಯೇ ಇತ್ತು. ಸಾಲದು ಎಂದುಕೊಂಡು ಶನಿವಾರ ಶಾಲೆ ಬಿಡುವಾಗ ಎರಡನೇ ಬಾಟಲಿ ಜೋಡಿಸಿ ಮನೆಗೆ ಹೋದೆ.

ಸತ್ತ ಮೀನು ಎತ್ತಿ ಹಾಕುವಾಗ ಅದೇ ಹುಡುಗಿ ಕೇಳಿದಳು: "ಸರ್, ಅದು ಇನ್ನಾ ನೀಲಿನೇ ಅದಲ್ರೀ. ನೀಲಿ ಇದ್ರ ಕಡಿಮಿ ಅಂತ ನೀವೇ ಹೇಳಿದ್ರಿ. ಮತ್ತ ಯಾಕ ಸತ್ತವು?"

ಬುರುಡೆ ನಿಜಕ್ಕೂ ನೀಲಿಯಾಗಿಯೇ ಇತ್ತು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ 250 ವರ್ಷಗಳ ಒಂದು ಕಥೆಯೇ ಎದುರಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಕಾಣದ್ದನ್ನು ಅಳೆಯುವುದು ಹೇಗೆ? ಬೇರೊಂದು ವಸ್ತುವಿನಿಂದ ಸಾಕ್ಷಿ ಹೇಳಿಸಬೇಕು. ಹಾಗೆ ಸಾಕ್ಷಿ ಹೇಳಿದ ಮೊದಲ ವಸ್ತುಗಳಲ್ಲಿ ಒಂದು ನಮ್ಮ ಎಲೆ ಅಡಿಕೆಯ ಡಬ್ಬಿಯಲ್ಲಿರುವ ಸುಣ್ಣ!

ಸೊಲ್ಲಾಪುರ, ಅಕ್ಕಲಕೋಟ ಕಡೆಯವರಿಗೆ ಸುಣ್ಣದ ಪರಿಚಯ ಮಾಡಿಕೊಡಬೇಕಾಗಿಲ್ಲ. ಎರೆಹೊಲ ಅಗೆದರೆ ಕರಿಮಣ್ಣಿನ ನಡುವೆ ಬಿಳಿಬಿಳಿ ಸುಣ್ಣದ ಹರಳು ಸಿಗುತ್ತವೆ. ಸಿಮೆಂಟ್ ಬರುವ ಮೊದಲು ಇಂಥ ಹರಳನ್ನೇ ಭಟ್ಟಿಯಲ್ಲಿ ಸುಟ್ಟು ಗಾರೆ ಮಾಡುತ್ತಿದ್ದರು. ಸುಟ್ಟ ಮೇಲೆ ಹರಳು ಹಗುರಾಗುತ್ತದೆ ಎಂದು ಭಟ್ಟಿಯವರಿಗೆಲ್ಲ ಗೊತ್ತಿತ್ತು. ಹಾಗಾದರೆ ಹೋದ ತೂಕ ಎಲ್ಲಿಗೆ ಹೋಯಿತು?

ಈ ಪ್ರಶ್ನೆಯನ್ನು ತಕ್ಕಡಿ ಹಿಡಿದು ಬಿಡಿಸಿದವನು ಸ್ಕಾಟ್ಲೆಂಡಿನ ವೈದ್ಯ ಜೋಸೆಫ್ ಬ್ಲ್ಯಾಕ್. ಎಡಿನ್‌ಬರೋದಲ್ಲಿ 1754ರಲ್ಲಿ ವೈದ್ಯಕೀಯ ಪದವಿಗೆಂದು ಬರೆದ ಪ್ರಬಂಧವನ್ನು ಬೆಳೆಸಿ 1756ರಲ್ಲಿ ಪ್ರಕಟಿಸಿದ. ಕಲ್ಲಿನಿಂದ ಹೋದದ್ದು ಒಂದು ಬಗೆಯ ಗಾಳಿ, ಕಲ್ಲಿನೊಳಗೆ ಕಟ್ಟಿಹಾಕಿದ್ದ ಗಾಳಿ ಎಂದು ತೋರಿಸಿದ. ಅದೇ ಗಾಳಿ ನಮ್ಮ ಉಸಿರಿನಲ್ಲೂ ಇದೆ, ಹುದುಗುವ ಪಾತ್ರೆಯಲ್ಲೂ ಇದೆ ಎಂಬುದಕ್ಕೆ ಸುಣ್ಣದ ತಿಳಿನೀರನ್ನೇ ಸಾಕ್ಷಿ ಮಾಡಿದ. ತಿಳಿನೀರು ಹಾಲಿನಂತೆ ಬೆಳ್ಳಗಾದರೆ ಆ ಗಾಳಿ ಇದೆ ಎಂದರ್ಥ. ಸ್ಟ್ರಾದಿಂದ ಸುಣ್ಣದ ನೀರಿಗೆ ಉಸಿರು ಊದುವ ಪ್ರಯೋಗ ಇಂದಿಗೂ ನಮ್ಮ ಮಕ್ಕಳು ಮಾಡುತ್ತಾರೆ.

ಆ ಮೇಲಿನ ಹೆಜ್ಜೆ ಇಂಗ್ಲೆಂಡಿನ ಲೀಡ್ಸ್ ಊರಿನದು. ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ 1767ರ ಸುಮಾರಿಗೆ ಅಲ್ಲಿ ಬಿಯರ್ ತಯಾರಿಸುವ ಭಟ್ಟಿಯೊಂದರ ಪಕ್ಕದಲ್ಲಿ ವಾಸವಾಗಿದ್ದ. ಹುದುಗುವ ತೊಟ್ಟಿಗಳ ಮೇಲೆ ಈ ಭಾರವಾದ ಗಾಳಿ ನಿಂತಿರುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ, 1772ರಲ್ಲಿ ಅದರ ವಿಧಾನವನ್ನು ಪುಟ್ಟ ಪುಸ್ತಕ ಮಾಡಿ ಹಂಚಿದ. ನಾವು ಕುಡಿಯುವ ಸೋಡಾದ ಹುಟ್ಟು ಅಲ್ಲಿಂದ. ನನ್ನ ಸಕ್ಕರೆ ಬಾಟಲಿಯೂ ಒಂದು ರೀತಿಯಲ್ಲಿ ಆ ಭಟ್ಟಿಯ ಮರಿಯೇ.

ಗಿಡಕ್ಕೂ ಈ ಗಾಳಿಗೂ ಇರುವ ನಂಟು ಬಿಡಿಸಿದವರು ಇಬ್ಬರು. ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ 1779ರಲ್ಲಿ ಹಸಿರು ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ನೋಡಿದ. ಬಿಸಿಲಿನಲ್ಲಿ ಗುಳ್ಳೆ ಏಳುತ್ತವೆ, ಕತ್ತಲಲ್ಲಿ ನಿಲ್ಲುತ್ತವೆ. ಅಷ್ಟೇ ಅಲ್ಲ, ಕತ್ತಲಲ್ಲಿ ಗಿಡವೂ ಪ್ರಾಣಿಗಳಂತೆ ಗಾಳಿಯನ್ನು ಕೆಡಿಸುತ್ತದೆ ಎಂದ. ಜಿನೀವಾದ ಜಾನ್ ಸೆನೆಬಿಯೆ 1782ರಲ್ಲಿ ಮುಂದಿನ ಹೆಜ್ಜೆ ಇಟ್ಟ. ಕುದಿಸಿ ಆರಿಸಿದ ನೀರಿನಲ್ಲಿ ಎಲೆ ಗುಳ್ಳೆ ಬಿಡಲಿಲ್ಲ. ಅದೇ ನೀರಿಗೆ ಬ್ಲ್ಯಾಕ್ ಹೇಳಿದ ಗಾಳಿ ಸೇರಿಸಿದರೆ ಬಿಟ್ಟಿತು. ಅಂದರೆ ಆ ಗಾಳಿ ಗಿಡದ ಆಹಾರ! ಹೈಡ್ರಿಲ್ಲಾದ ಮೇಲೆ ಆಲಿಕೆ ಬೋರಲು ಹಾಕಿ, ನೀರಿಗೆ ಚಿಟಿಕೆ ಸೋಡಾ ಹಾಕಿ ಗುಳ್ಳೆ ಎಣಿಸುತ್ತೇವಲ್ಲ, ಆ ಚಿಟಿಕೆಯ ಹಿಂದೆ ಸೆನೆಬಿಯೆ ಇದ್ದಾನೆ.

ಇಷ್ಟೆಲ್ಲ ತಿಳಿದ ಮೇಲೆ ಗಿಡ ಮತ್ತು ಮೀನನ್ನು ಒಂದೇ ಗಾಜಿನ ಪಾತ್ರೆಯಲ್ಲಿ ಬಾಳಿಸುವ ಆಲೋಚನೆ ಬಂದದ್ದು ಸಹಜ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಅದನ್ನು ಮಾಡಿ ತೋರಿಸಿದ. ಎರಡು ಚಿನ್ನದ ಮೀನು, ಒಂದು ವ್ಯಾಲಿಸ್ನೇರಿಯಾ, ಕೊಳೆತ ಎಲೆ ತಿನ್ನಲು ಬಸವನಹುಳು. ಮೀನು ಬಿಟ್ಟ ಉಸಿರು ಗಿಡಕ್ಕೆ, ಗಿಡ ಬಿಟ್ಟದ್ದು ಮೀನಿಗೆ. ನೀರು ಬದಲಿಸದೆಯೇ ತಿಂಗಳುಗಟ್ಟಲೆ ನಡೆಯಿತು. ಆದರೆ ಅದರಲ್ಲಿ ಅನಿಲ ಎಷ್ಟಿದೆ ಎಂದು ಅಳೆಯುವ ಸುಲಭ ಉಪಾಯ ಇರಲಿಲ್ಲ. ಮೀನು ಲವಲವಿಕೆಯಿಂದ ಇದ್ದರೆ ಎಲ್ಲ ಸರಿ ಎಂದು ತಿಳಿಯಬೇಕು, ಅಷ್ಟೇ.

ನಮ್ಮ ದೇಶದವರು ಈ ಕಥೆಯಲ್ಲಿ ಇಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಇದ್ದಾರೆ. ಜಗದೀಶ ಚಂದ್ರ ಬೋಸ್ ಅವರು ಕೋಲ್ಕತ್ತದಲ್ಲಿ ಕೆಲಸ ಮಾಡಿದ್ದು ಇದೇ ಹೈಡ್ರಿಲ್ಲಾದ ಮೇಲೆ. ಗಿಡದಿಂದ ಒಂದೊಂದು ಗುಳ್ಳೆ ಹೊರಬಿದ್ದಾಗಲೂ ತಾನಾಗಿ ಗುರುತು ಹಾಕಿಕೊಳ್ಳುವ ಉಪಕರಣ ಮಾಡಿದರು. 1924ರಲ್ಲಿ ದ್ಯುತಿಸಂಶ್ಲೇಷಣೆಯ ಮೇಲೆ ಇಡೀ ಪುಸ್ತಕವನ್ನೇ ಹೊರತಂದರು. ಬೇಸಿಗೆಯ ಹೈಡ್ರಿಲ್ಲಾ ಚಳಿಗಾಲದ ಹೈಡ್ರಿಲ್ಲಾದಂತೆ ನಡೆದುಕೊಳ್ಳುವುದಿಲ್ಲ ಎಂದು ಗಮನಿಸಿದವರು ಅವರು. ಅನಿಲ ಕಡಿಮೆಯಾದಾಗ ಈ ಗಿಡ ತನ್ನ ಅಡುಗೆಯ ಕ್ರಮವನ್ನೇ ಬದಲಿಸಿಕೊಳ್ಳುತ್ತದೆ ಎಂಬುದು ಎಷ್ಟೋ ದಶಕಗಳ ನಂತರ ಖಚಿತವಾಯಿತು.

ಅನಿಲ ಯಾಕೆ ಕಡಿಮೆಯಾಗುತ್ತದೆ? ಗಾಳಿಗೆ ತೆರೆದಿಟ್ಟ ನೀರಿನಲ್ಲಿ ಲೀಟರಿಗೆ ಸುಮಾರು ಅರ್ಧ ಮಿಲಿಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಮಾತ್ರ ನಿಲ್ಲುತ್ತದೆ. ಮೇಲಾಗಿ ನೀರಿನಲ್ಲಿ ಅದು ಹರಡುವ ವೇಗ ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಸೊಲ್ಲಾಪುರದಲ್ಲಿ 12ನೇ ಶತಮಾನದ ಶರಣ ಸಿದ್ಧರಾಮ ಕಟ್ಟಿಸಿದ ಕೆರೆಯಾಗಲಿ, ನಮ್ಮೂರಿನ ಸಣ್ಣ ಹೊಂಡವಾಗಲಿ, ಗಿಡ ದಟ್ಟವಾಗಿ ಬೆಳೆದ ನೀರಿಗೆ ಹಗಲಿಗೊಂದು ರಾತ್ರಿಗೊಂದು ಗುಣ. ಮಧ್ಯಾಹ್ನದ ಹೊತ್ತಿಗೆ ಗಿಡಗಳು ಅನಿಲವನ್ನೆಲ್ಲ ಹೀರಿ ಮುಗಿಸುತ್ತವೆ. ಬೆಳಗಿನ ಜಾವಕ್ಕೆ ಗಿಡ, ಮೀನು, ಹುಳು ಎಲ್ಲ ಸೇರಿ ಅದನ್ನು ಮತ್ತೆ ತುಂಬುತ್ತವೆ. ಹಾಗಾಗಿ ಒಮ್ಮೆ ನೋಡಿದರೆ ಸಾಲದು, ಅಳತೆ ಬೇಕು.

ಬೋಸರ ಪುಸ್ತಕಕ್ಕಿಂತ ಸ್ವಲ್ಪ ಮೊದಲು, ಯುರೋಪಿನ ಡೆನ್ಮಾರ್ಕ್ ದೇಶದಲ್ಲಿ ಆ ಅಳತೆ ಹುಟ್ಟಿತು. ತಮಾಷೆಯೆಂದರೆ ಇಲ್ಲೂ ಒಂದು ಬಿಯರ್ ಕಂಪನಿ! ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೋರೆನ್‌ಸೆನ್ 1909ರಲ್ಲಿ ಆಮ್ಲತೆ ಅಳೆಯುವ ಪಿಎಚ್ ಮಾಪಕವನ್ನು ತಂದ. 7 ಅಂದರೆ ತಟಸ್ಥ, ಅದಕ್ಕಿಂತ ಕೆಳಗೆ ಆಮ್ಲ, ಮೇಲೆ ಪ್ರತ್ಯಾಮ್ಲ. ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿದರೆ ನೀರು ತುಸು ಆಮ್ಲವಾಗುತ್ತದೆ, ಪಿಎಚ್ ಇಳಿಯುತ್ತದೆ. ಹಾಗಾದರೆ ಪಿಎಚ್ ನೋಡಿದರೆ ಅನಿಲ ಎಷ್ಟೆಂದು ಹೇಳಬಹುದೇ?

ಇಲ್ಲ. ಇಲ್ಲೇ ಇರುವುದು ಈ ಕಥೆಯ ಗಂಟು. ನೀರಿನಲ್ಲಿ ಕರಗಿದ ಸುಣ್ಣ, ಅಂದರೆ ಬೈಕಾರ್ಬೊನೇಟ್, ಪಿಎಚ್ಚನ್ನು ಇಳಿಯಗೊಡದೆ ಹಿಡಿದುಕೊಳ್ಳುತ್ತದೆ. ಸಂತೆಯ ತಕ್ಕಡಿ ನೆನಪಿಸಿಕೊಳ್ಳಿ. ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ಬದನೆಕಾಯಿ. ಮುಳ್ಳು ಎತ್ತ ವಾಲಿದೆ ಎಂದು ಮಾತ್ರ ನೋಡಿದರೆ ಬದನೆಕಾಯಿ ಎಷ್ಟು ಎಂದು ಹೇಳಲಾದೀತೇ? ಕಲ್ಲು ಅರ್ಧ ಕಿಲೋದ್ದೋ ಎರಡು ಕಿಲೋದ್ದೋ ಗೊತ್ತಿರಬೇಕು. ಇಲ್ಲಿ ಬೈಕಾರ್ಬೊನೇಟ್ ತೂಕದ ಕಲ್ಲು, ಪಿಎಚ್ ಮುಳ್ಳು, ಅನಿಲ ಬದನೆಕಾಯಿ.

ಈ ಮೂರರ ಲೆಕ್ಕವನ್ನು 1908ರಲ್ಲಿ ಅಮೆರಿಕದ ಹೆಂಡರ್ಸನ್ ಬರೆದ. 1916ರಲ್ಲಿ ಕೋಪನ್‌ಹೇಗನ್ನಿನ ವೈದ್ಯ ಹ್ಯಾಸೆಲ್‌ಬಾಲ್ಕ್ ಅದಕ್ಕೆ ಪಿಎಚ್ ರೂಪ ಕೊಟ್ಟ. ಅವನಿಗೆ ಮೀನಿನ ತೊಟ್ಟಿಯ ಚಿಂತೆ ಇರಲಿಲ್ಲ, ಅವನು ಲೆಕ್ಕ ಹಾಕುತ್ತಿದ್ದದ್ದು ಮನುಷ್ಯರ ರಕ್ತದ್ದು. ರಕ್ತದಲ್ಲೂ ಇದೇ ಬೈಕಾರ್ಬೊನೇಟ್, ಇದೇ ಅನಿಲ, ಇದೇ ಹಗ್ಗಜಗ್ಗಾಟ.

ಕಲ್ಲು ನೋಡದೆ ಮುಳ್ಳು, ಮುಳ್ಳು ನೋಡದೆ ಕಲ್ಲು ನಂಬಿದರೆ ಏನಾಗುತ್ತದೆ ಎಂಬುದು ಅದೇ ಊರಿನಲ್ಲಿ 1952ರಲ್ಲಿ ಗೊತ್ತಾಯಿತು. ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿ, ಉಸಿರಾಡಲಾಗದ ರೋಗಿಗಳಿಂದ ಆಸ್ಪತ್ರೆ ತುಂಬಿತ್ತು. ಉಸಿರಾಟದ ಯಂತ್ರಕ್ಕೆ ಹಾಕಿದ ಮೊದಲ 31 ಜನರಲ್ಲಿ 27 ಜನ ತೀರಿಕೊಂಡರು. ಅವರ ರಕ್ತದಲ್ಲಿ ಒಟ್ಟು ಇಂಗಾಲದ ಡೈಆಕ್ಸೈಡ್ ಹೆಚ್ಚಿದೆ ಎಂದು ಪರೀಕ್ಷೆ ಹೇಳುತ್ತಿತ್ತು. ಈ ಒಟ್ಟಿನಲ್ಲಿ ಬಹುಪಾಲು ಬೈಕಾರ್ಬೊನೇಟೇ ಇರುವುದರಿಂದ, ರಕ್ತದಲ್ಲಿ ಪ್ರತ್ಯಾಮ್ಲ ಹೆಚ್ಚಾಗಿದೆ, ಯಾಕೆಂದು ತಿಳಿಯದು ಎಂದು ವೈದ್ಯರು ಅಂದುಕೊಂಡರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ಮಾತ್ರ ಒಪ್ಪಲಿಲ್ಲ. ರೋಗಿಗಳು ಉಸಿರು ಹೊರಹಾಕಲಾಗದೆ ತಮ್ಮದೇ ಅನಿಲದಲ್ಲಿ ಮುಳುಗುತ್ತಿದ್ದಾರೆ ಎಂದ. ಪಿಎಚ್ ನೋಡಿದರೆ ರಕ್ತ ಆಮ್ಲವಾಗಿತ್ತು! 12 ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ಕೊಳವೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟ. ಅವಳು ಬದುಕಿದಳು. ಆ ಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಹಗಲೂ ರಾತ್ರಿ ಚೀಲ ಒತ್ತಿದರು. ಸಾಯುವವರ ಸಂಖ್ಯೆ ಬಹಳ ಇಳಿಯಿತು.

ಈ ಘಟನೆಯ ನಂತರ ರಕ್ತದಲ್ಲಿನ ಅನಿಲವನ್ನು ನೇರವಾಗಿ ಅಳೆಯುವ ಸಾಧನ ಬೇಕೇ ಬೇಕು ಎನಿಸಿತು. ಅಮೆರಿಕದ ರಿಚರ್ಡ್ ಸ್ಟೋ 1954ರಲ್ಲಿ ಒಂದು ಜಾಣ ಉಪಾಯ ಹೂಡಿದ. ಪಿಎಚ್ ಅಳೆಯುವ ಕಡ್ಡಿಯ ಸುತ್ತ ಸ್ವಲ್ಪ ಶುದ್ಧ ನೀರು ಇಟ್ಟು ಅದನ್ನು ತೆಳು ರಬ್ಬರ್ ಪೊರೆಯಿಂದ ಮುಚ್ಚಿದ. ರಕ್ತ ಒಳಗೆ ಬರದು, ಅನಿಲ ಮಾತ್ರ ಪೊರೆ ದಾಟಿ ಬರುತ್ತದೆ. ಜಾನ್ ಸೆವರಿಂಗ್‌ಹೌಸ್ ಆ ನೀರಿಗೆ ಗೊತ್ತಾದ ಪ್ರಮಾಣದ ಬೈಕಾರ್ಬೊನೇಟ್ ಸೇರಿಸಿ, 1958ರಲ್ಲಿ ಅದನ್ನು ನಂಬಿಕೆಯ ಉಪಕರಣವಾಗಿ ಮಾಡಿದ. ಅಂದರೆ ಪರರ ತಕ್ಕಡಿಯಲ್ಲಿ ತೂಗುವ ಬದಲು ನಮ್ಮದೇ ತೂಕದ ಕಲ್ಲನ್ನು ಜೊತೆಗೆ ಒಯ್ದ ಹಾಗೆ.

ನಮ್ಮ ತೊಟ್ಟಿಯ ಗಾಜಿನ ಬುರುಡೆ ಇದರ ಬಡ ತಂಗಿ. ಪೊರೆಯ ಬದಲು ನಡುವೆ ಸ್ವಲ್ಪ ಗಾಳಿಯ ಜಾಗ. ಪಿಎಚ್ ಕಡ್ಡಿಯ ಬದಲು ಬ್ರೋಮೋಥೈಮಾಲ್ ಬ್ಲೂ ಎಂಬ ಬಣ್ಣ. ಅಮೆರಿಕದಲ್ಲಿ ಹಾಲಿನ ಬ್ಯಾಕ್ಟೀರಿಯಾಗಳನ್ನು ಅಭ್ಯಾಸ ಮಾಡುತ್ತಿದ್ದ ಕ್ಲಾರ್ಕ್ ಮತ್ತು ಲಬ್ಸ್ 1917ರಲ್ಲಿ ಪ್ರಚಾರಕ್ಕೆ ತಂದ ಬಣ್ಣಗಳ ಗುಂಪಿನದು ಅದು. ಜಪಾನಿನ ತಕಾಶಿ ಅಮಾನೋ ಗಿಡಗಳ ತೊಟ್ಟಿಯನ್ನು ಒಂದು ಕಲೆಯಾಗಿ ಬೆಳೆಸಿ, 1990ರ ದಶಕದಲ್ಲಿ ಅವನ ಪುಸ್ತಕಗಳು ಜಗತ್ತನ್ನು ಸುತ್ತಿದ ಮೇಲೆ ನೀರಿಗೆ ಅನಿಲ ಬಿಡುವ, ಅದನ್ನು ಅಳೆಯುವ ಹವ್ಯಾಸ ಎಲ್ಲೆಡೆ ಹಬ್ಬಿತು.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ನೀಲಿ ಇದ್ದರೂ ಮೀನು ಯಾಕೆ ಸತ್ತವು?

ಲೆಕ್ಕ ಹೀಗಿದೆ. ಬುರುಡೆಯೊಳಗಿನ ನೀರಿನ ಕಾರ್ಬೊನೇಟ್ ಗಡಸುತನವನ್ನು ಕೆಎಚ್ ಎಂಬ ಅಂಕೆಯಲ್ಲಿ ಹೇಳುತ್ತಾರೆ. ಅದನ್ನು 3ರಿಂದ ಗುಣಿಸಿ. ಪಿಎಚ್ 7 ಇದ್ದರೆ ಅಷ್ಟೇ ಮಿಲಿಗ್ರಾಂ ಅನಿಲ ಒಂದು ಲೀಟರಿನಲ್ಲಿದೆ. ಪಿಎಚ್ 6 ಇದ್ದರೆ 10 ಪಟ್ಟು, 8 ಇದ್ದರೆ ಹತ್ತನೇ ಒಂದು ಭಾಗ. ಬಣ್ಣ ಚೊಕ್ಕ ಹಸಿರಾಗುವುದು ಪಿಎಚ್ 6.6ರ ಹತ್ತಿರ, ಅಲ್ಲಿ ಸುಮಾರು 2.5 ಪಟ್ಟು. ಬುರುಡೆಯಲ್ಲಿ ಕೆಎಚ್ 4ರ ನೀರು ಇದ್ದರೆ 3 × 4 × 2.5 = 30. ಲೀಟರಿಗೆ 30 ಮಿಲಿಗ್ರಾಂ. ಗಿಡಕ್ಕೆ ಸಾಕು, ಸಾಮಾನ್ಯವಾಗಿ ಮೀನೂ ತಾಳಿಕೊಳ್ಳುತ್ತದೆ. ಅದಕ್ಕೇ ಕೆಎಚ್ 4ರ ನೀರನ್ನೇ ಹಾಕಬೇಕು ಎಂಬ ನಿಯಮ.

ನಾನು ಹಾಕಿದ್ದು ಬಾವಿಯ ನೀರು. ನೀರೆಲ್ಲ ಒಂದೇ ಎಂದುಕೊಂಡೆ. ಆ ಮೇಲೆ ಹನಿ ಹನಿಯಾಗಿ ಪರೀಕ್ಷಿಸಿದಾಗ ಅದರ ಕೆಎಚ್ 12 ಬಂತು! ಎರೆಹೊಲದ ಸುಣ್ಣದ ಹರಳು ಕರಗಿ ಬಂದ ನೀರು ಅದು, ಬೇರೆ ಹೇಗಿದ್ದೀತು? ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುವುದನ್ನು ದಿನಾ ನೋಡುತ್ತಿದ್ದರೂ ನನಗೆ ಹೊಳೆಯಲಿಲ್ಲ. ಮಕ್ಕಳಿಗೆ ಹಲಗೆಯ ಮೇಲೆ ಲೆಕ್ಕ ಮಾಡಲು ಹೇಳಿದೆ: 3 × 12 × 2.5 = 90. ಅಂದರೆ ನನ್ನ ಬುರುಡೆ ಹಸಿರಾಗಬೇಕಾದರೆ ಲೀಟರಿಗೆ 90 ಮಿಲಿಗ್ರಾಂ ಸೇರಬೇಕಿತ್ತು. ಅದಕ್ಕೆ ಎಷ್ಟೋ ಮೊದಲೇ ಮೀನಿಗೆ ಕಷ್ಟ ಶುರುವಾಗಿತ್ತು. ಬುರುಡೆ ಸುಳ್ಳು ಹೇಳಲಿಲ್ಲ. 4ರ ಕಲ್ಲಿಡುವ ತಟ್ಟೆಯಲ್ಲಿ ನಾನು 12ರ ಕಲ್ಲಿಟ್ಟಿದ್ದೆ.

ಇನ್ನೂ ಒಂದು ತಪ್ಪಿತ್ತು. ರಾತ್ರಿ ಗಿಡ ಅನಿಲ ಹೀರುವುದಿಲ್ಲ, ತಾನೇ ಬಿಡುತ್ತದೆ. ಇಂಗೆನ್‌ಹೌಸ್ 1779ರಲ್ಲೇ ಹೇಳಿದ್ದ. ಆದರೆ ನನ್ನ ಯೀಸ್ಟ್ ಬಾಟಲಿಗಳಿಗೆ ರಾತ್ರಿ ಇಲ್ಲ, ರವಿವಾರದ ಸೂಟಿಯೂ ಇಲ್ಲ.

"ನೀರಾಗ ಆಕ್ಸಿಜನ್ ಇರಲಿಲ್ಲೇನ್ರೀ?" ಎಂದು ಇನ್ನೊಬ್ಬ ಹುಡುಗ ಕೇಳಿದ. ಇದ್ದಿರಬಹುದು. ಆದರೆ ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ರಕ್ತ ಆಕ್ಸಿಜನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಾರದು. ಇದನ್ನು 1904ರಲ್ಲಿ ತೋರಿಸಿದ ಮೂವರು ಬೋರ್, ಹ್ಯಾಸೆಲ್‌ಬಾಲ್ಕ್, ಕ್ರೋಗ್. ಹೌದು, ಅದೇ ಹ್ಯಾಸೆಲ್‌ಬಾಲ್ಕ್! ಮೀನು ಯಾಕೆ ಸತ್ತವು ಎಂಬುದಕ್ಕೆ ಅವನ 1904ರ ಕೆಲಸ ಉತ್ತರ, ನನಗೆ ಯಾಕೆ ಗೊತ್ತಾಗಲಿಲ್ಲ ಎಂಬುದಕ್ಕೆ 1916ರದು.

ಈಗ ಕೆಎಚ್ 4ರ ನೀರನ್ನು ಮಕ್ಕಳೇ ಮಾಡುತ್ತಾರೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರಬೇಕು. ಒಂದು ಲೀಟರಿಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿದರೆ ಕೆಎಚ್ 40 ಆಗುತ್ತದೆ. ಅದರಲ್ಲಿ 100 ಮಿಲಿಲೀಟರ್ ತೆಗೆದುಕೊಂಡು ಡಿಸ್ಟಿಲ್ಡ್ ವಾಟರ್ ಸೇರಿಸಿ ಒಂದು ಲೀಟರ್ ಮಾಡಿದರೆ ಕೆಎಚ್ 4. ಸೋಡಾ ತೂಗುವುದಕ್ಕೆ ಒಳ್ಳೆಯ ತಕ್ಕಡಿ ಬೇಕು, ಬ್ಲ್ಯಾಕ್ ಹಿಡಿದಂಥದ್ದು. ಬುರುಡೆಯ ಬಣ್ಣ ಬದಲಾಗಲು ಒಂದೆರಡು ತಾಸು ಹಿಡಿಯುತ್ತದೆ, ಅಷ್ಟರೊಳಗೆ ಅವಸರಪಡಬಾರದು. ಬಾಟಲಿ ಒಂದೇ ಸಾಕು. ಸಂಜೆ ಶಾಲೆ ಬಿಡುವಾಗ ಕೊಳವೆಯನ್ನು ತೊಟ್ಟಿಯಿಂದ ಹೊರಗೆ ಇಡುವುದನ್ನು ಮರೆಯಬಾರದು.

ನಿಮ್ಮ ಶಾಲೆಯಲ್ಲಿ ತೊಟ್ಟಿ ಇಲ್ಲದಿದ್ದರೂ ಚಿಂತೆಯಿಲ್ಲ. ನಿಮ್ಮೂರ ಬಾವಿ, ನಲ್ಲಿ, ಕೆರೆಯ ನೀರಿನ ಕೆಎಚ್ ಎಷ್ಟು ಎಂದು ಮಕ್ಕಳಿಂದ ಅಳೆಸಿ ಬರೆದಿಡಿ. ಪುಸ್ತಕದಲ್ಲಿ ಕೊಟ್ಟ ಅಂಕೆ ಯಾರದೋ ಊರಿನ ನೀರಿನದು. ನಮ್ಮ ನೀರಿನ ಅಂಕೆಯನ್ನು ನಾವೇ ತಿಳಿದುಕೊಳ್ಳಬೇಕು.

ನಮ್ಮ ಕೋಣೆಯ ಕೆಎಚ್ 4ರ ಬಾಟಲಿಯ ಮೇಲೆ ಆ ಹುಡುಗಿಯೇ ಒಂದು ಚೀಟಿ ಅಂಟಿಸಿದ್ದಾಳೆ. "ಬಾವಿ ನೀರು ಸೇರಿಸಬಾರದು. ಸರ್ ಹೇಳಿದರೂ ಸೇರಿಸಬಾರದು." ಅದನ್ನು ನಾನು ತೆಗೆಸಿಲ್ಲ.